ಒಳಗನ್ನು ತೋರಿದ ಗಣಕಯಂತ್ರ

ಯಂತ್ರಗಳ ಇತಿಹಾಸವನ್ನು ಬರೆಯುವವರು ವೇಗವನ್ನೂ ಗಾತ್ರವನ್ನೂ ಬೆಲೆಯನ್ನೂ ಅಳೆದು ಮೈಲಿಗಲ್ಲುಗಳನ್ನು ನೆಡುವುದು ವಾಡಿಕೆ. ಮನೆಮನೆಗೆ ಬಂದ ಸ್ವಂತ ಗಣಕಯಂತ್ರದ ಇತಿಹಾಸವೂ ಇದಕ್ಕೆ ಹೊರತಲ್ಲ. ಆದರೆ ಆ ಯಂತ್ರವನ್ನು ಕೊಂಡವನಿಗೆ ಅದರ ಒಳಗು ಎಷ್ಟು ತಿಳಿದಿತ್ತು ಎಂಬ ಇನ್ನೊಂದು ಅಳತೆಯೂ ಉಂಟು. ಕಲಿಯುವವನಿಗೂ ಕಲಿಸುವವನಿಗೂ ಈ ಎರಡನೆಯ ಅಳತೆಯೇ ಹೆಚ್ಚು ಮುಖ್ಯವೆಂದು ನನ್ನ ಅಭಿಪ್ರಾಯ.

೧೯೭೫ನೆಯ ಇಸವಿಯ ಜನವರಿಯಲ್ಲಿ ಅಮೆರಿಕದ 'ಪಾಪ್ಯುಲರ್ ಎಲೆಕ್ಟ್ರಾನಿಕ್ಸ್' ಎಂಬ ಮಾಸಪತ್ರಿಕೆಯ ಮುಖಪುಟದಲ್ಲಿ 'ಆಲ್ಟೇರ್ ೮೮೦೦' ಎಂಬ ಯಂತ್ರದ ಚಿತ್ರ ಪ್ರಕಟವಾಯಿತು. ನ್ಯೂ ಮೆಕ್ಸಿಕೋ ಸಂಸ್ಥಾನದ ಆಲ್ಬುಕರ್ಕಿಯಲ್ಲಿ ಎಡ್ ರಾಬರ್ಟ್ಸ್ ಎಂಬವರು ನಡೆಸುತ್ತಿದ್ದ ಚಿಕ್ಕ ಸಂಸ್ಥೆಯೊಂದು ಅದನ್ನು ಬಿಡಿಭಾಗಗಳ ರೂಪದಲ್ಲಿ ೪೦೦ ಡಾಲರಿಗಿಂತ ಕಡಮೆ ಬೆಲೆಗೆ ಮಾರಲು ಮುಂದಾಗಿತ್ತು. ಇಂಟೆಲ್ ಸಂಸ್ಥೆಯ ೮೦೮೦ ಎಂಬ ಮೈಕ್ರೊಪ್ರೊಸೆಸರು ಅದರ ಹೃದಯ. ಕೆಲವು ನೂರು ಯಂತ್ರಗಳು ಖರ್ಚಾದರೆ ಸಾಕೆಂದಿದ್ದವರಿಗೆ ಸಾವಿರಾರು ಬೇಡಿಕೆಗಳು ಬಂದವು. ಆ ಯಂತ್ರಕ್ಕೆ ಕೀಲಿಮಣೆಯಿರಲಿಲ್ಲ, ತೆರೆಯಿರಲಿಲ್ಲ. ಸ್ಮೃತಿಯೋ, ಕೇವಲ ೨೫೬ ಬೈಟುಗಳಷ್ಟು. ಈ ಒಂದು ಕಂಡಿಕೆಯೂ ಅದರಲ್ಲಿ ಹಿಡಿಸಲಾರದು. ಕೊಂಡವನು ತಾನೇ ಬೆಸುಗೆ ಹಾಕಿ ಅದನ್ನು ಜೋಡಿಸಬೇಕು. ಮುಂಭಾಗದ ಸ್ವಿಚ್ಚುಗಳನ್ನು ಮೇಲಕ್ಕೂ ಕೆಳಕ್ಕೂ ತಳ್ಳಿ, ಒಂದು ಮತ್ತು ಸೊನ್ನೆಗಳಲ್ಲಿ ಆದೇಶಗಳನ್ನು ತುಂಬಬೇಕು. ಉತ್ತರವನ್ನು ಪುಟ್ಟ ಕೆಂಪು ದೀಪಗಳ ಸಾಲಿನಲ್ಲಿ ಓದಿಕೊಳ್ಳಬೇಕು.

ಇಂತಹ ಮೂಕಯಂತ್ರದಿಂದ ಏನು ಪ್ರಯೋಜನವೆಂದು ವಾಚಕರು ಕೇಳಬಹುದು. ಅದೇ ವರ್ಷದ ಮಾರ್ಚಿಯಲ್ಲಿ ಕ್ಯಾಲಿಫೋರ್ನಿಯದ ಮೆನ್ಲೋ ಪಾರ್ಕಿನ ಮನೆಯೊಂದರ ಕಾರುಖಾನೆಯಲ್ಲಿ 'ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್' ಎಂಬ ಹವ್ಯಾಸಿಗಳ ಕೂಟ ಮೊದಲ ಬಾರಿಗೆ ಸೇರಿತು. ಅದರ ಸದಸ್ಯರಾದ ಸ್ಟೀವ್ ಡಾಂಪಿಯರ್ ಆಲ್ಟೇರಿನ ಪಕ್ಕದಲ್ಲಿ ರೇಡಿಯೋ ಒಂದನ್ನಿರಿಸಿ ಸಂಗೀತವನ್ನು ಹೊರಡಿಸಿದರು. ಇದರಲ್ಲಿ ಮಾಟವೇನೂ ಇಲ್ಲ. ಯಂತ್ರದೊಳಗೆ ವಿದ್ಯುತ್ಪ್ರವಾಹ ಏರಿಳಿದಾಗಲೆಲ್ಲ ವಿದ್ಯುತ್ಕಾಂತೀಯ ಅಲೆಗಳು ಹೊಮ್ಮುತ್ತವೆ. ರೇಡಿಯೋ ಅವನ್ನು ಸದ್ದಾಗಿ ಹಿಡಿಯುತ್ತದೆ. ಆದೇಶಗಳ ಒಂದು ಸರಣಿಯನ್ನು ಯಂತ್ರವು ಸೆಕೆಂಡಿಗೆ ಎಷ್ಟು ಸಲ ಆವರ್ತಿಸುವುದೋ ಅದಕ್ಕೆ ತಕ್ಕ ಶ್ರುತಿ ಕೇಳಿಬರುತ್ತದೆ. ಸರಣಿ ಚಿಕ್ಕದಾದಷ್ಟೂ ಸ್ವರ ಮೇಲೇರುತ್ತದೆ. ತೊಡಕೆನಿಸಿದ್ದ ಸದ್ದನ್ನೇ ಸ್ವರವನ್ನಾಗಿಸಿದ್ದು ಯಂತ್ರದ ಒಳಗಿನ ತಿಳಿವಳಿಕೆಯಲ್ಲದೆ ಬೇರೆಯಲ್ಲ.

ಇದೇ ಕೂಟದಲ್ಲಿ ಸ್ಟೀವ್ ವಾಜ್ನಿಯಾಕ್ ತಮ್ಮ ಯಂತ್ರದ ವಿದ್ಯುನ್ಮಂಡಲದ ನಕ್ಷೆಯನ್ನು ಗೆಳೆಯರಿಗೆ ಉಚಿತವಾಗಿ ಹಂಚಿದರು. ಆ ಯಂತ್ರವೇ ೧೯೭೬ರಲ್ಲಿ 'ಆಪಲ್ ೧' ಎಂಬ ಹೆಸರಿನಿಂದ ಮಾರಾಟಕ್ಕೆ ಬಂದಿತು. ೧೯೮೧ರಲ್ಲಿ ಐ.ಬಿ.ಎಂ.ನಂತಹ ದೊಡ್ಡ ಸಂಸ್ಥೆಯೇ ತನ್ನ ಪರ್ಸನಲ್ ಕಂಪ್ಯೂಟರಿನ ನಕ್ಷೆಗಳನ್ನೂ ಅದರ ಮೂಲ ಆದೇಶಾವಳಿಯನ್ನೂ ಕೈಪಿಡಿಯಲ್ಲಿ ಅಚ್ಚುಮಾಡಿ ಮಾರಿತು.

ಇದಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ. ಆಲ್ಟೇರಿಗಾಗಿ ತಾವೂ ಸಂಗಡಿಗರೂ ರಚಿಸಿದ 'ಬೇಸಿಕ್' ಅನ್ನು ಹವ್ಯಾಸಿಗಳು ಹಣ ಕೊಡದೆ ನಕಲು ಮಾಡಿಕೊಳ್ಳುತ್ತಿರುವುದನ್ನು ಖಂಡಿಸಿ ಬಿಲ್ ಗೇಟ್ಸ್ ೧೯೭೬ರ ಫೆಬ್ರವರಿಯಲ್ಲಿ ಬಹಿರಂಗ ಪತ್ರವನ್ನು ಬರೆದರು. ದುಡಿದವನಿಗೆ ಕೂಲಿ ಸಲ್ಲಬೇಕೆಂಬುದು ನ್ಯಾಯವೇ. ೧೯೭೯ರಲ್ಲಿ 'ವಿಸಿಕ್ಯಾಲ್ಕ್' ಎಂಬ ಲೆಕ್ಕದ ಪ್ರೋಗ್ರಾಂ ಬಂದಾಗ ಅದಕ್ಕಾಗಿಯೇ 'ಆಪಲ್ ೨' ಕೊಂಡ ವ್ಯಾಪಾರಿಗಳಿದ್ದರು. ಅವರು ಯಂತ್ರದ ಒಳಗೆ ಇಣುಕಬೇಕಾದ ಅಗತ್ಯವಿರಲಿಲ್ಲ. ಎಲ್ಲರೂ ಬೆಸುಗೆಕಡ್ಡಿ ಹಿಡಿಯಬೇಕೆಂದು ನಾನೂ ಹೇಳುವುದಿಲ್ಲ. ಬಾವಿಯ ನೀರು ಕುಡಿಯುವವರೆಲ್ಲ ಬಾವಿ ತೋಡಿದವರಲ್ಲ. ಆದರೆ ತೋಡಬಲ್ಲವರು ಊರಿನಲ್ಲಿ ಕೆಲವರಾದರೂ ಇರಬೇಕಷ್ಟೆ.

ಆಲ್ಟೇರಿನ ವಂಶ ನಮಗೆ ದೂರದ್ದಲ್ಲ. ೮೦೮೦ರ ಉತ್ತರಾಧಿಕಾರಿಯಾಗಿ ೧೯೭೬ರಲ್ಲಿ ಬಂದ ೮೦೮೫ರ ಕಿಟ್ಟುಗಳ ಮೇಲೆ ನಮ್ಮ ಕಾಲೇಜುಗಳ ಎಷ್ಟೋ ವಿದ್ಯಾರ್ಥಿಗಳು ಕಲಿತಿದ್ದಾರೆ. ಎರಡು ಸಂಖ್ಯೆಗಳನ್ನು ಕೂಡಿಸಬೇಕಾದರೂ ಅದರಲ್ಲಿ ಒಂದೊಂದು ಆದೇಶವನ್ನೂ ಕೈಯಾರೆ ಒತ್ತಿ ತುಂಬಬೇಕು. ಇದು ಹಳೆಯದು, ಉದ್ಯೋಗಕ್ಕೆ ಒದಗದು, ತೆಗೆದುಹಾಕಿರಿ ಎಂಬ ಮಾತು ಆಗಾಗ ಕೇಳಿಬರುತ್ತದೆ. ಉದ್ಯೋಗಕ್ಕೆ ನೇರವಾಗಿ ಒದಗದೆಂಬುದು ನಿಜ. ಆದರೆ ವಿದ್ಯಾರ್ಥಿಯ ಜೇಬಿನಲ್ಲಿರುವ ಫೋನು ಆಲ್ಟೇರಿಗಿಂತ ಎಷ್ಟೋ ಪಾಲು ಬಲಶಾಲಿಯಾದರೂ, ಅದನ್ನು ಬಿಚ್ಚಿ ನೋಡಿದರೆ ಅವನಿಗೆ ತಿಳಿಯುವುದು ಅತ್ಯಲ್ಪ. ಗುರುತ್ವವನ್ನು ಅಳೆಯಲು ಸೂಕ್ಷ್ಮವಾದ ಉಪಕರಣಗಳು ಎಷ್ಟೋ ಬಂದಿವೆ. ಹಾಗೆಂದು ಸರಳ ಲೋಲಕದ ಪ್ರಯೋಗವನ್ನು ನಾವು ಕೈಬಿಟ್ಟಿದ್ದೇವೆಯೆ? ದಾರ, ಗುಂಡು, ಗಡಿಯಾರ ಇಷ್ಟರಲ್ಲಿಯೇ ಇಡೀ ತತ್ತ್ವ ಕಣ್ಣಿಗೆ ಕಾಣುತ್ತದೆಂದಲ್ಲವೆ ಅದನ್ನು ಉಳಿಸಿಕೊಂಡಿರುವುದು?

ಪಠ್ಯಕ್ರಮವನ್ನು ತಿದ್ದುವವರು ಹೊಸ ಯಂತ್ರಗಳನ್ನು ಧಾರಾಳವಾಗಿ ತರಲಿ. ಆದರೆ ಆದಿಯಿಂದ ಅಂತ್ಯದವರೆಗೆ ಪೂರ್ತಿಯಾಗಿ ತಿಳಿಯಬಹುದಾದ ಒಂದು ಯಂತ್ರವನ್ನಾದರೂ ವಿದ್ಯಾರ್ಥಿಯ ಮೇಜಿನ ಮೇಲೆ ಉಳಿಸಲಿ. ಅದು ೮೦೮೫ ಆಗಿರಲೇಬೇಕೆಂಬ ಹಟವಿಲ್ಲ. ಅದರ ಒಳಗು ಅವನಿಗೆ ಕಾಣುವಂತಿದ್ದರೆ ಸಾಕು.