ಇಲಿ ಬದುಕಿತು, ಮನುಷ್ಯನ ಮಾತೇನು?

ಸಕ್ಕರೆ ಕಾಯಿಲೆಯವರಿರುವ ಅನೇಕ ಮನೆಗಳಲ್ಲಿ ಗ್ಲಿಬೆನ್‌ಕ್ಲಮೈಡ್ ಹೊಸ ಹೆಸರಲ್ಲ. 1960ರ ದಶಕದಲ್ಲಿ ಜರ್ಮನಿಯಲ್ಲಿ ರೂಪುಗೊಂಡ ಈ ಔಷಧ ಭಾರತದಲ್ಲಿ ‘ಡಯೋನಿಲ್’ ಎಂಬ ಹೆಸರಿನಲ್ಲಿ ಬಹುಕಾಲದಿಂದ ಪರಿಚಿತ. ಇದೇ ಔಷಧ ಪಾರ್ಶ್ವವಾಯುವಿಗೂ ಮದ್ದಾದೀತೆ ಎಂದು ವಿಜ್ಞಾನಿಗಳು ಇಲಿಗಳಲ್ಲಿ ಪರೀಕ್ಷಿಸಿದ್ದಾರೆ.

ಸಕ್ಕರೆ ಮಾತ್ರೆಗೂ ಮಿದುಳಿಗೂ ಎಲ್ಲಿಯ ನಂಟು? ಉತ್ತರ ಜೀವಕೋಶದ ಬಾಗಿಲುಗಳಲ್ಲಿದೆ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳ ಪೊರೆಯಲ್ಲಿ ಪೊಟ್ಯಾಸಿಯಂ ಹೊರಹೋಗುವ ಸೂಕ್ಷ್ಮ ಬಾಗಿಲುಗಳಿವೆ. ಅವಕ್ಕೆ ಅಗುಳಿಯಂತಿರುವ ಪ್ರೋಟೀನಿನ ಹೆಸರು ಎಸ್‌ಯುಆರ್-1. ಔಷಧ ಇದಕ್ಕೆ ಅಂಟಿಕೊಂಡಾಗ ಬಾಗಿಲು ಮುಚ್ಚುತ್ತದೆ, ಕೋಶ ಪ್ರಚೋದನೆಗೊಂಡು ಇನ್ಸುಲಿನ್ ಹೊರಬಿಡುತ್ತದೆ, ರಕ್ತದ ಸಕ್ಕರೆ ಇಳಿಯುತ್ತದೆ.

ಇನ್ನು ಮಿದುಳು. ದೊಡ್ಡ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡರೆ ಕೋಶಗಳಿಗೆ ಆಮ್ಲಜನಕವೂ ಇಲ್ಲ, ಗ್ಲೂಕೋಸೂ ಇಲ್ಲ. ಮುಂದಿನ ಕೆಲವು ದಿನಗಳಲ್ಲಿ ಮಿದುಳು ಊದಿಕೊಳ್ಳುತ್ತದೆ. ಕಾಲು ಊದಿದರೆ ಚರ್ಮ ಹಿಗ್ಗೀತು, ತಲೆಬುರುಡೆ ಹಿಗ್ಗುವುದಿಲ್ಲ. ಒಳಗಿನ ಒತ್ತಡವೇ ಪ್ರಾಣಕ್ಕೆ ಎರವಾಗಬಹುದು.

ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ನರಶಸ್ತ್ರವೈದ್ಯ ಜೆ. ಮಾರ್ಕ್ ಸಿಮಾರ್ಡ್ ಮತ್ತು ಸಂಗಡಿಗರು ಒಂದು ಸೋಜಿಗವನ್ನು ಕಂಡರು. ಆರೋಗ್ಯವಂತ ಮಿದುಳಿನಲ್ಲಿಲ್ಲದ ಬಾಗಿಲೊಂದು ಪೆಟ್ಟುತಿಂದ ಕೋಶಗಳಲ್ಲಿ ಹೊಸದಾಗಿ ಹುಟ್ಟುತ್ತದೆ. ಕೋಶದ ಶಕ್ತಿ ಬರಿದಾದಾಗ ಅದು ತೆರೆದುಕೊಳ್ಳುತ್ತದೆ. ಸೋಡಿಯಂ ಒಳನುಗ್ಗುತ್ತದೆ, ಅದರ ಹಿಂದೆಯೇ ನೀರು. ಈ ಬಾಗಿಲಿಗೂ ಅಗುಳಿ ಅದೇ ಎಸ್‌ಯುಆರ್-1! ಹಾಗಿದ್ದರೆ ಹಳೆಯ ಔಷಧ ಇಲ್ಲಿಯೂ ಬಾಗಿಲು ಹಾಕಬೇಕಲ್ಲವೇ?

ಹಾಕಿತು. ಇಲಿಗಳ ಮಿದುಳಿನ ರಕ್ತನಾಳವನ್ನು ಮುಚ್ಚಿ, ಒಂದು ಗುಂಪಿಗೆ ಔಷಧ ಕೊಟ್ಟು, ಇನ್ನೊಂದಕ್ಕೆ ಕೊಡದೆ ಹೋಲಿಸಿದರು. ತೀವ್ರ ಪಾರ್ಶ್ವವಾಯುವಿಗೆ ಗುರಿಯಾದ ಇಲಿಗಳಲ್ಲಿ ಔಷಧದಿಂದ ಊತವೂ ಸಾವೂ ಸುಮಾರು ಅರ್ಧಕ್ಕಿಳಿದವು. 2006ರಲ್ಲಿ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಈ ವರದಿ ಪ್ರಕಟವಾಯಿತು.

ಆದರೆ ಪ್ರಯೋಗಶಾಲೆಯ ಇಲಿ ಸಾಮಾನ್ಯವಾಗಿ ಎಳೆಯದು, ಆರೋಗ್ಯವಂತ. ಅದರ ರಕ್ತನಾಳ ಮುಚ್ಚಿದ ನಿಮಿಷವೂ ಗೊತ್ತು. ರೋಗಿ ಹಾಗಲ್ಲ. ಅವರಿಗೆ ವಯಸ್ಸಾಗಿರುತ್ತದೆ, ರಕ್ತದೊತ್ತಡವೋ ಮಧುಮೇಹವೋ ಇರುತ್ತದೆ, ಆಸ್ಪತ್ರೆ ತಲುಪುವಷ್ಟರಲ್ಲಿ ಗಂಟೆಗಳು ಕಳೆದಿರುತ್ತವೆ. ಪಾರ್ಶ್ವವಾಯುವಿಗೆಂದು ಪ್ರಯೋಗಕ್ಕೊಳಗಾದ ಚಿಕಿತ್ಸೆಗಳನ್ನು 2006ರಲ್ಲಿ ಸಂಶೋಧಕರು ಎಣಿಸಿದಾಗ ಸಿಕ್ಕ ಸಂಖ್ಯೆ 1026. ಮನುಷ್ಯರಲ್ಲಿ ಗೆದ್ದು ಬಂದವು ಬೆರಳೆಣಿಕೆಯಷ್ಟು.

ಗ್ಲಿಬೆನ್‌ಕ್ಲಮೈಡ್‌ಗೂ ಅದೇ ಪರೀಕ್ಷೆ ಎದುರಾಯಿತು. 86 ರೋಗಿಗಳ ಅಧ್ಯಯನ 2016ರಲ್ಲಿ ಹೊರಬಂತು. ಊತದ ಲಕ್ಷಣಗಳು ತಗ್ಗಿದ್ದವು. ಮುಖ್ಯ ಪ್ರಶ್ನೆಗೆ ಮಾತ್ರ ಅನುಕೂಲದ ಉತ್ತರ ಸಿಗಲಿಲ್ಲ. ಮುಂದೆ ಹಲವು ದೇಶಗಳ 535 ರೋಗಿಗಳನ್ನು ಸೇರಿಸಿಕೊಂಡ ಅಧ್ಯಯನ ಅವಧಿಗೆ ಮುನ್ನವೇ ನಿಂತಿತು. 2024ರಲ್ಲಿ ಪ್ರಕಟವಾದ ಅದರ ಫಲಿತಾಂಶದ ಪ್ರಕಾರ, 90 ದಿನಗಳ ನಂತರ ಔಷಧ ಪಡೆದವರ ಸ್ಥಿತಿ ಪಡೆಯದವರಿಗಿಂತ ಉತ್ತಮವಾಗಿರಲಿಲ್ಲ. ರಕ್ತದ ಸಕ್ಕರೆ ಕುಸಿದ ಪ್ರಕರಣಗಳು ಅವರಲ್ಲೇ ಹೆಚ್ಚು.

ಹಾಗೆಂದು ಇಲಿಯ ಪ್ರಯೋಗ ವ್ಯರ್ಥವಲ್ಲ. ಮಿದುಳು ಊದುವ ಒಂದು ದಾರಿಯನ್ನು ತೋರಿಸಿಕೊಟ್ಟದ್ದು ಅದೇ. ಅದು ಹುಟ್ಟಿಸಿದ್ದು ಒಳ್ಳೆಯ ಪ್ರಶ್ನೆಯನ್ನು. ಉತ್ತರವನ್ನು ರೋಗಿಗಳಲ್ಲೇ ಹುಡುಕಬೇಕು. ‘ಹೊಸ ಮದ್ದು ಪತ್ತೆ’ ಎಂಬ ತಲೆಬರಹ ಕಂಡಾಗ ವಿದ್ಯಾರ್ಥಿಗಳು ಕೇಳಬೇಕಾದ್ದು ಮೂರೇ ಮಾತು: ಯಾವ ಜೀವಿಯಲ್ಲಿ? ಎಷ್ಟು ಜನರಲ್ಲಿ? ಯಾವುದಕ್ಕೆ ಹೋಲಿಸಿ?

ಮನೆಯಲ್ಲಿ ಯಾರಿಗಾದರೂ ದಿಢೀರನೆ ಬಾಯಿ ಸೊಟ್ಟಗಾದರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಸಕ್ಕರೆ ಮಾತ್ರೆ ನುಂಗಿಸಹೋಗಬಾರದು, ಅದು ಅಪಾಯ. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಇರುವ ಅವಕಾಶ ನಾಲ್ಕೂವರೆ ಗಂಟೆ ಮಾತ್ರ.