ಬೈಟು ಹಿಂದುಮುಂದಾದ್ರೆ ಏನೀಗ ಅನ್ನೋರಿಗೆ...

"ಈಗ ಎಲ್ಲರ ಮೇಜಿನ ಮೇಲೂ ಲಿಟಲ್ ಎಂಡಿಯನ್ ಯಂತ್ರಾನೇ ಇರೋದು. ಬೈಟ್ ಆರ್ಡರ್ ಅಂತ ತಲೆ ಕೆಡಿಸಿಕೊಳ್ಳೋದು ಹಳೇ ಕಾಲದವರ ಚಟ." ಸ್ಕ್ಯಾನರ್ ಡ್ರೈವರ್ ಬರೆಯೋ ಗೆಳೆಯರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಇದು ಶುದ್ಧ ಸೋಮಾರಿತನ ಅಂತ ನನ್ನ ವಾದ.

ನೋಡಿ, 16 ಬಿಟ್ ಸ್ಕ್ಯಾನಿನಲ್ಲಿ ಪ್ರತಿ ಚುಕ್ಕೆಯ ಪ್ರತಿ ಬಣ್ಣಕ್ಕೂ ಎರಡು ಬೈಟು. 255 ಮತ್ತು 256 ಅಕ್ಕಪಕ್ಕದ ಛಾಯೆಗಳು, ಕಣ್ಣಿಗೆ ವ್ಯತ್ಯಾಸ ಕಾಣೋದೇ ಇಲ್ಲ. ಬೈಟು ಅದಲುಬದಲಾದರೆ? 255 ಹೋಗಿ 65280, 256 ಹೋಗಿ 1! ಒಂದು ಬೆಳ್ಳಗೆ, ಪಕ್ಕದ್ದು ಕಡುಗಪ್ಪು.

"ಹಾಗಾದ್ರೆ ಪರೀಕ್ಷೆ ಮಾಡುವಾಗಲೇ ಗೊತ್ತಾಗುತ್ತಲ್ಲ?" ಗೊತ್ತಾಗಲ್ಲ ಸ್ವಾಮಿ. ಅಚ್ಚ ಕಪ್ಪು 0, ಅಚ್ಚ ಬಿಳಿ 65535. ಇವೆರಡನ್ನೂ ತಿರುಗಿಸಿದರೂ ಅಷ್ಟೇ. 05/05 ಅನ್ನೋ ತಾರೀಖನ್ನ ನಾವು ಓದಿದರೂ ಒಂದೇ, ಅಮೆರಿಕದವರು ಓದಿದರೂ ಒಂದೇ ಅಲ್ವಾ, ಹಾಗೆ. ಕಪ್ಪುಬಿಳಿ ಪಟ್ಟೆಯ ಪರೀಕ್ಷಾ ಚಿತ್ರ ಹಾಕಿ 'ಎಲ್ಲಾ ಸರಿ ಇದೆ' ಅಂದುಬಿಟ್ಟರೆ ಮುಗೀತು ಕಥೆ.

ಇನ್ನು 'ಎಲ್ಲಾ ಲಿಟಲ್ ಎಂಡಿಯನ್' ಅನ್ನೋ ವಾದ. ಕಂಪ್ಯೂಟರಿನ ಕ್ರಮ ಒಂದು, ಸ್ಕ್ಯಾನರ್ ಚಿಪ್ ಕಳಿಸೋ ಕ್ರಮ ಇನ್ನೊಂದು, ಫೈಲಿನ ಕ್ರಮ ಮತ್ತೊಂದು. ಪಿಎನ್‌ಜಿ ದೊಡ್ಡ ಬೈಟೇ ಮೊದಲು ಬೇಕು ಅನ್ನುತ್ತೆ, 16 ಬಿಟ್ ಪಿಎನ್ಎಂ ಕೂಡ. ಟಿಫ್ ಎರಡನ್ನೂ ಒಪ್ಪುತ್ತೆ, ಆದರೆ ಫೈಲಿನ ಮೊದಲಲ್ಲೇ 'ಐಐ' ಅಥವಾ 'ಎಂಎಂ' ಅಂತ ಹೇಳಬೇಕು. ಲಿನಕ್ಸಿನವರ 'ಸೇನ್' ಡ್ರೈವರ್, ತಾನಿರೋ ಯಂತ್ರದ ಕ್ರಮದಲ್ಲೇ ಚಿತ್ರ ಕೊಡಬೇಕು ಅನ್ನೋದು ಅದರ ನಿಯಮ. ನೆಟ್‌ವರ್ಕ್ ಮೇಲೆ ಕಳಿಸುವಾಗ ಯಾವ ಕ್ರಮ ಅಂತ ಮೊದಲೇ ತಿಳಿಸುತ್ತೆ. ಇಷ್ಟು ಮರ್ಯಾದೆ ಎಲ್ಲಾ ಡ್ರೈವರುಗಳಿಗೂ ಇರಬಾರದೇ?

ಪರಿಹಾರ ಕಷ್ಟದ್ದೂ ಅಲ್ಲ. 'ನನ್ನ ಯಂತ್ರ ಯಾವ ಜಾತಿ' ಅಂತ ಕೇಳೋದೇ ಬೇಡ. ಬರ್ತಾ ಇರೋ ಡೇಟಾದ ಕ್ರಮ ತಿಳ್ಕೊಳ್ಳಿ. ದೊಡ್ಡ ಬೈಟು ಮೊದಲಿದ್ದರೆ ಅದನ್ನ 256ರಿಂದ ಗುಣಿಸಿ ಎರಡನೇದನ್ನ ಕೂಡಿಸಿ. ಯಾವ ಯಂತ್ರದಲ್ಲೂ ಉತ್ತರ ಒಂದೇ! ರಾಬ್ ಪೈಕ್ 2012ರಲ್ಲೇ ತಮ್ಮ ಬ್ಲಾಗಿನಲ್ಲಿ ಇದನ್ನ ಬಿಡಿಸಿ ಹೇಳಿದ್ದಾರೆ.

ಕನ್ನಡದವರಿಗೆ ಇದೆಲ್ಲಾ ಯಾಕೆ ಅಂತೀರಾ? ಯೂನಿಕೋಡಿನಲ್ಲಿ ನಮ್ಮ 'ಕ' 0ಸಿ95. ಯುಟಿಎಫ್-16ರಲ್ಲಿ ಬೈಟು ತಿರುಗಿದರೆ ಅದು 950ಸಿ, ಅಂದರೆ ಚೀನೀ ಅಕ್ಷರ! ಪಠ್ಯದಲ್ಲಾದರೆ ಥಟ್ಟನೆ ಕಣ್ಣಿಗೆ ಹೊಡೆಯುತ್ತೆ. ಸಾವಿರಾರು ತಾಳೆಗರಿಗಳನ್ನ ಸಾಲಾಗಿ ಸ್ಕ್ಯಾನ್ ಮಾಡುವಾಗ ಪ್ರತಿಯೊಂದನ್ನೂ ತೆರೆದು ನೋಡೋರು ಯಾರು? ತಿರುಗಿದ 16 ಬಿಟ್ ಚಿತ್ರವನ್ನ ಮತ್ತೆ ತಿರುಗಿಸಿ ಉಳಿಸಿಕೊಳ್ಳಬಹುದು. ಆದರೆ ಜಾಗ ಉಳಿಸೋಕೆ ಅದನ್ನ 8 ಬಿಟ್ಟಿಗೆ ಇಳಿಸಿದರೋ, ಉಳಿಯೋದು ಕೆಲಸಕ್ಕೆ ಬಾರದ ಕೆಳಗಿನ ಬೈಟು. ಚಿತ್ರ ಇದ್ದ ಬೈಟು ಕಸದ ಬುಟ್ಟಿಗೆ. ಅಷ್ಟರಲ್ಲಿ ಗರಿಗೆ ಗೆದ್ದಲು ಹತ್ತಿದ್ದರೆ ಯಾರನ್ನ ಕೇಳೋಣ?

ಒಂದು ಗುಣಾಕಾರ, ಒಂದು ಕೂಡಿಕೆ. ಅಷ್ಟು ಮಾಡೋಕೂ ಪುರುಸೊತ್ತಿಲ್ಲ ಅನ್ನೋರು ದಯವಿಟ್ಟು ಡ್ರೈವರ್ ಬರೆಯೋದನ್ನ ಬಿಟ್ಟುಬಿಡಿ.