ಹಳೆಯ ಗರಗಸದ ಆಯ್ಕೆ

ಕೆಂಗೇರಿ ಉಪನಗರದ ಮನೆಯೊಂದರ ಹಿಂಗೋಣೆಯಲ್ಲಿ ಮರಗೆಲಸ ಮಾಡಬಯಸುವವರು ಬಳಸಿದ ಸ್ಕ್ರೋಲ್ ಗರಗಸವನ್ನು ಕೊಳ್ಳಲು ನಾಚಬೇಕಾದುದೇನೂ ಇಲ್ಲ. ಮೈಸೂರಿನ ಬೀಟೆಮರದ ಇನ್‌ಲೇ ಕುಶಲಕರ್ಮಿಗಳು ಕೈಯ ಸಣ್ಣ ಗರಗಸದಿಂದಲೇ ಆನೆ, ಬಳ್ಳಿಗಳನ್ನು ಬಿಡಿಸಿದವರು. ಯಂತ್ರ ಆ ಕೈಗೆ ವೇಗವನ್ನು ಕೊಟ್ಟಿದೆ, ಅಷ್ಟೆ.

ಆದರೆ ಬಣ್ಣಕ್ಕೆ ಮರುಳಾಗಬಾರದು. ಅಲಗನ್ನು ಹಿಡಿಯುವ ಕ್ರಮವನ್ನು ಮೊದಲು ನೋಡಬೇಕು. ತುದಿಯಲ್ಲಿ ಅಡ್ಡಮೊಳೆಯುಳ್ಳ ಅಲಗನ್ನು ಮಾತ್ರ ಒಪ್ಪುವ ಯಂತ್ರ ಎಷ್ಟು ಅಗ್ಗವಾದರೂ ಬೇಡವೆಂಬುದು ನನ್ನ ಮತ. ಆ ಮೊಳೆ ತೂರುವಷ್ಟು ದೊಡ್ಡ ರಂಧ್ರ ಕೊರೆದ ಮೇಲೆ ನವಿಲಿನ ಕಣ್ಣು ಉಳಿಯುವುದೆಲ್ಲಿ? 5 ಅಂಗುಲದ ಸಾದಾ ಅಲಗು ಕೂರುವಂತಿರಬೇಕು. ಸ್ವಿಚ್ಚು ಹಾಕುವ ಮೊದಲು ತೋಳನ್ನು ಅಲುಗಿಸಿ ನೋಡಿರಿ. ಪಕ್ಕಕ್ಕೆ ಸಡಿಲಾಡಿದರೆ ಬೇರಿಂಗು ಸವೆದಿರಬಹುದು, ಅಲಗು ಗೆರೆ ಬಿಟ್ಟು ಓಡುವುದು. ಅಮೆರಿಕದಿಂದ ಮರಳಿದ ಬಂಧುಗಳು ತಂದ 120 ವೋಲ್ಟಿನ ಯಂತ್ರವಾದರೆ, ನಮ್ಮ 230 ವೋಲ್ಟನ್ನು ಇಳಿಸುವ ಟ್ರಾನ್ಸ್‌ಫಾರ್ಮರಿನ ಖರ್ಚನ್ನೂ ಬೆಲೆಗೆ ಕೂಡಿಸಿಕೊಳ್ಳಬೇಕು.